ಮೇಲೆ ಒದ್ದೆ, ಒಳಗೆ ಒಣ

2024ರ ಮಾರ್ಚ್. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ನೀರಿನದೇ ಮಾತು. ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿಯ ಆದೇಶ ಬಂದಿತ್ತು. ನಮ್ಮ ತಾರಸಿಯ ಮೇಲೆ ಹದಿನೆಂಟು ಕುಂಡಗಳು. ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು ಎಲ್ಲ ಬಕೆಟ್ ಸೇರುತ್ತಿತ್ತು. ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕುಂಡಕ್ಕೊಂದು ಚೊಂಬು ಸುರಿದು ಓಡುತ್ತಿದ್ದೆ. ತಳದ ತೂತಿನಿಂದ ನೀರು ಹರಿದರೆ ಗಿಡದ ಹೊಟ್ಟೆ ತುಂಬಿತು ಅಂತ ನನ್ನ ಲೆಕ್ಕ.

ಆದರೂ ದುಂಡುಮಲ್ಲಿಗೆ ಸೊರಗುತ್ತಲೇ ಹೋಯಿತು. ಮೊಗ್ಗು ಬಿಡುವ ಕಾಲ ಬೇರೆ. ಗೊಬ್ಬರ ಸಾಲದೇನೋ ಅಂತ ಅದನ್ನೂ ಹಾಕಿದೆ. ಊಹೂಂ.

ಅಷ್ಟರಲ್ಲಿ ತಿಪಟೂರಿನಿಂದ ಅಮ್ಮ ಬಂದಳು. ಕುಂಡದೊಳಗೆ ಬೆರಳು ತೂರಿಸಿ ನೋಡಿದವಳೇ, "ಏನೇ, ನೀರು ಹಾಕ್ತೀಯೋ, ಬರೀ ಮುಖ ತೊಳೆಸ್ತೀಯೋ?" ಅಂದಳು. ಕುಂಡ ಮಗುಚಿ ತಟ್ಟಿದರೆ ಮಣ್ಣು ಬೆಲ್ಲದಚ್ಚಿನ ಹಾಗೆ ಇಡಿಯಾಗಿ ಈಚೆ ಬಂತು. ಒಡೆದು ನೋಡಿದರೆ ಒಳಗೆಲ್ಲ ಪುಡಿಪುಡಿ, ಒಣ. ನಾನು ಮಣ್ಣಿಗಿಂತ ಕೊಕೊಪೀಟ್ ಜಾಸ್ತಿ ಹಾಕಿದ್ದೆ. ಅದು ಒಮ್ಮೆ ಪೂರಾ ಒಣಗಿದರೆ ಬೇಗ ನೀರು ಹೀರುವುದಿಲ್ಲ. ಕುಗ್ಗಿ ಕುಂಡದ ಅಂಚು ಬಿಟ್ಟಿರುತ್ತದೆ. ಹಾಕಿದ ನೀರು ಆ ಸಂದಿನಲ್ಲೇ ಇಳಿದು ತೂತಿನಿಂದ ಆಚೆ!

"ತೆಂಗಿನ ನಾರಿನ ಪುಡೀನ ದುಡ್ಡು ಕೊಟ್ಟು ತಂದ್ಯಾ?" ಅಂತ ಅಮ್ಮ ನಕ್ಕಿದ್ದನ್ನು ಮಾತ್ರ ಮರೆಯಲಾರೆ.

ಮಲ್ಲಿಗೆಯನ್ನು ಮತ್ತೆ ಕುಂಡದಲ್ಲಿಟ್ಟು, ಕುಂಡವನ್ನೇ ನೀರಿನ ಟಬ್ಬಿನಲ್ಲಿ ಕೂರಿಸಿದೆವು. ಗುಳುಗುಳು ಅಂತ ಗುಳ್ಳೆ ಏಳತೊಡಗಿತು. ಅದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಎತ್ತಹೋದರೆ ಒಬ್ಬಳ ಕೈಲಾಗಲಿಲ್ಲ. ಆವಾಗಲೇ ಗೊತ್ತಾಗಿದ್ದು, ನೀರು ಕುಡಿದ ಕುಂಡದ ತೂಕ ಎಷ್ಟು ಅಂತ.

ಈಗ ದಿನಾ ಎಲ್ಲಕ್ಕೂ ಹಾಕುವುದಿಲ್ಲ. ಕುಂಡವನ್ನು ಸ್ವಲ್ಪ ವಾಲಿಸಿ ನೋಡುತ್ತೇನೆ. ಹಗುರವಿದ್ದರೆ ಮೊದಲು ಅರ್ಧ ಚೊಂಬು, ಹತ್ತು ನಿಮಿಷ ಬಿಟ್ಟು ಮತ್ತೆ ತೂತಿನಲ್ಲಿ ಇಳಿಯುವಷ್ಟು. ಮೇಲೊಂದು ಪದರ ತರಗೆಲೆ. ಮಧ್ಯಾಹ್ನದ ಬಿಸಿಲಿಗೆ ಟೊಮೆಟೊ ಎಲೆ ಜೋತುಬಿದ್ದರೂ ಚೊಂಬು ಹಿಡಿದು ಓಡುವುದಿಲ್ಲ. ಮಣ್ಣು ಹಸಿ ಇದ್ದರೆ ಸಂಜೆಗೆ ತಾನಾಗೇ ಎದ್ದು ನಿಲ್ಲುತ್ತದೆ.

ಮಲ್ಲಿಗೆಯ ಎರಡು ಕೊಂಬೆ ಉಳಿಯಲಿಲ್ಲ. ಉಳಿದವು ಮೇ ತಿಂಗಳಲ್ಲಿ ಒಂದು ಮೊಳ ಕಟ್ಟುವಷ್ಟು ಹೂ ಕೊಟ್ಟವು. ಕರಿಬೇವಿನ ಸಿಮೆಂಟ್ ಕುಂಡವನ್ನಂತೂ ಅಲುಗಾಡಿಸಲೂ ಆಗುವುದಿಲ್ಲ. ಅದಕ್ಕೆ ಈಗಲೂ ಅಮ್ಮನ ಬೆರಳಿನ ಲೆಕ್ಕವೇ.