ಕುರಿಕೊಬ್ಬು ಮತ್ತು ಜೇನುಮೇಣದ ಕೀಲೆಣ್ಣೆ

ಮೂಡಿಗೆರೆಯ ನಮ್ಮ ತೋಟದ ಮನೆಯಲ್ಲಿ ಗೇಟಿನ ಕೀಲು, ಬಾವಿಯ ರಾಟೆ, ಕತ್ತಿ, ಗರಗಸಗಳಿಗೆ ಹಚ್ಚುವ ಕೀಲೆಣ್ಣೆಯನ್ನು ಕೆಲವು ವರ್ಷಗಳಿಂದ ನಾನೇ ತಯಾರಿಸುತ್ತಿದ್ದೇನೆ. ಆಷಾಢದ ಮಳೆಗೆ ತೆಳು ಎಣ್ಣೆ ಬೇಗನೆ ತೊಳೆದುಹೋಗುತ್ತದೆ; ಮೇಣ ಬೆರೆತ ಕೊಬ್ಬಾದರೋ ಕಬ್ಬಿಣವನ್ನು ಬಿಡದೆ ಹಿಡಿದುಕೊಳ್ಳುತ್ತದೆ.

ಮಾಂಸದಂಗಡಿಯಿಂದ ತಂದ ಕುರಿಕೊಬ್ಬನ್ನು, ಅದರಲ್ಲೂ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬನ್ನು, ಸಣ್ಣಗೆ ಹೆಚ್ಚಿ, ಸ್ವಲ್ಪ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಬೇಕು. ಸೋಸಿದ್ದನ್ನು ಮತ್ತೆ ಒಲೆಗಿಟ್ಟು ನೀರಿನ ಅಂಶವನ್ನು ಪೂರ್ತಿ ಆರಿಸುವುದೇ ಈ ಕೆಲಸದ ಜೀವಾಳ. ಮೊದಲ ಸಲ ನಾನು ಅವಸರದಲ್ಲಿ ಒಲೆಯಿಂದ ಇಳಿಸಿದ್ದರಿಂದ ತಿಂಗಳೊಳಗೆ ಡಬ್ಬಿಯಲ್ಲಿ ಕಮಟು ವಾಸನೆ ಹುಟ್ಟಿತು. ಹಿತ್ತಾಳೆಯ ಬೀಗದ ಮೇಲೆ ಹಸಿರು ಕಿಲುಬು ಕಾಣಿಸಿತು. ಹಳಸಿದ ಕೊಬ್ಬಿನಲ್ಲಿ ಬಿಡುಗಡೆಯಾಗುವ ಆಮ್ಲ ಹಿತ್ತಾಳೆಯನ್ನು ತಿನ್ನುತ್ತದೆ. ಈಗ ಚಿಟಪಟ ಸದ್ದು ನಿಂತು, ಒಂದೇ ಒಂದು ಗುಳ್ಳೆಯೂ ಏಳದೆ, ಪಾತ್ರೆಯ ತಳ ತಿಳಿಯಾಗಿ ಕಾಣುವವರೆಗೂ ಕಾಯುತ್ತೇನೆ. ಇದೇ ಕಾರಣಕ್ಕೆ ಉಪ್ಪನ್ನೂ ಹಾಕುವುದಿಲ್ಲ, ಅದು ತುಕ್ಕು ತರಿಸುತ್ತದೆ.

ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ನೇರ ಬೆಂಕಿಗೆ ಇಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಮೂರು ಪಾಲು ಕೊಬ್ಬಿಗೆ ಒಂದು ಪಾಲು ಮೇಣ ನನಗೆ ಒಗ್ಗಿದ ಅಳತೆ. ಬೇಸಿಗೆಗೆ ಮೇಣ ತುಸು ಹೆಚ್ಚಿರಲಿ. ತಣಿಯುವ ತನಕ ಕಲಕುತ್ತಿದ್ದರೆ ಬೆಣ್ಣೆಯಂತೆ ನುಣುಪಾಗುತ್ತದೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೇರಿಂಗ್‌ಗೆ ಮಾತ್ರ ಇದನ್ನು ಹಚ್ಚುವುದಿಲ್ಲ. ವೇಗವಾಗಿ ತಿರುಗಿ ಬಿಸಿಯಾಗುವ ಭಾಗಗಳಲ್ಲಿ ಇದು ಕರಗಿ ಹರಿದುಹೋಗುತ್ತದೆ.