ಪಟ್ಟದ ಗೊಂಬೆಯ ಹಿಂದೊಂದು ವಂಶವೃಕ್ಷ: ಮುಂಬೈ ಬಳಿಯ ಡೊಂಬಿವಲಿಯಿಂದ ದಿನಚರಿ

ಜೂನ್ 8, ಭಾನುವಾರ

ಕಳೆದ ನವರಾತ್ರಿಯಲ್ಲಿ ಪಕ್ಕದ ಫ್ಲಾಟಿನ ಹುಡುಗಿ ನಮ್ಮನೆಗೆ ಗೊಂಬೆ ನೋಡಲು ಬಂದಿದ್ದಳು. ಏಳು ವರ್ಷ ಇರಬಹುದು. ಮೇಲಿನ ಮೆಟ್ಟಿಲ ಮೇಲಿದ್ದ ಪಟ್ಟದ ಗೊಂಬೆಗಳನ್ನು ತುಂಬಾ ಹೊತ್ತು ನೋಡಿ, 'ಹ್ಯಾ ರಾಜಾಚಂ ನಾವ ಕಾಯ?' ಅಂದಳು. ಈ ರಾಜನ ಹೆಸರೇನು ಅಂತ. 'ಮೈಸೂರು ಮಹಾರಾಜ' ಅಂದೆ. 'ಅದು ಹೆಸರಲ್ಲವಲ್ಲ' ಅಂದಳು.

ಆ ಮಾತು ವರ್ಷವಿಡೀ ತಲೆಯಲ್ಲೇ ಇತ್ತು. ರಕ್ತಚಂದನದ ಆ ಜೋಡಿಯನ್ನು ಮದುವೆಯಲ್ಲಿ ಅಮ್ಮ ನನ್ನ ಕೈಗೆ ಕೊಟ್ಟಿದ್ದರು. ಪ್ರತಿ ವರ್ಷ ರಾಜನಿಗೆ ಜರಿ ಪೇಟ ಸುತ್ತುತ್ತೇನೆ, ರಾಣಿಗೆ ಸೀರೆ ಉಡಿಸುತ್ತೇನೆ. ಅವರ ಮನೆತನ ಏನು, ಯಾರಾದ ಮೇಲೆ ಯಾರು ಬಂದರು ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಹಾಗಾಗಿ ಈ ಸಲ ಗೊಂಬೆಗಳ ಹಿಂದಿನ ಗೋಡೆಗೆ ಮೈಸೂರು ಒಡೆಯರ ವಂಶವೃಕ್ಷ ಬರೆದು ಹಾಕಬೇಕು ಅಂತ ನಿರ್ಧಾರ ಮಾಡಿದ್ದೇನೆ. ಆರು ಅಡಿ ಅಗಲ, ಮೂರು ಅಡಿ ಎತ್ತರ. ಕೈಯಲ್ಲೇ ಬರೆಯಬೇಕು. ನವರಾತ್ರಿಗೆ ಮೂರೂವರೆ ತಿಂಗಳಿದೆ.

ಮೊದಲ ದೊರೆ ಯದುರಾಯರಿಂದ, ಅಂದರೆ 1399ರಿಂದ ಶುರು ಮಾಡಿದರೆ ಅಕ್ಷರ ಇರುವೆ ಸಾಲಿನಷ್ಟು ಸಣ್ಣದಾಗುತ್ತದೆ. 1799ರಿಂದ ಬರೆಯುತ್ತೇನೆ. ಶ್ರೀರಂಗಪಟ್ಟಣ ಬಿದ್ದ ವರ್ಷ. ಅದೇ ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು.

ಜೂನ್ 15

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಚ್ಚಾ ನಕ್ಷೆ ಹಾಕಿದೆ. ಮುಮ್ಮಡಿ ಕೃಷ್ಣರಾಜ, ಅವರಾದ ಮೇಲೆ ಹತ್ತನೆಯ ಚಾಮರಾಜೇಂದ್ರ, ನಾಲ್ವಡಿ ಕೃಷ್ಣರಾಜ, ಜಯಚಾಮರಾಜೇಂದ್ರ, ಶ್ರೀಕಂಠದತ್ತ ನರಸಿಂಹರಾಜ, ಈಗಿನ ಯದುವೀರ ಕೃಷ್ಣದತ್ತ ಚಾಮರಾಜ. ಆರು ಹೆಸರು, ನಡುವೆ ಐದು ಗೆರೆ. ಅರ್ಧ ಗಂಟೆಯ ಕೆಲಸ.

ಆಮೇಲೆ ಒಂದೊಂದೇ ಗೆರೆಯ ಮೇಲೆ ಸಂಬಂಧ ಬರೆಯುತ್ತಾ ಹೋದೆ. ಐದರಲ್ಲಿ ಅಪ್ಪನಿಂದ ಮಗನಿಗೆ ನೇರವಾಗಿ ಇಳಿದ ಗೆರೆ ಎರಡೇ! ಚಾಮರಾಜೇಂದ್ರರಿಂದ ನಾಲ್ವಡಿಯವರಿಗೆ ಒಂದು, ಜಯಚಾಮರಾಜೇಂದ್ರರಿಂದ ಶ್ರೀಕಂಠದತ್ತರಿಗೆ ಇನ್ನೊಂದು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ತಮ್ಮನ ಮಗ ಪಟ್ಟಕ್ಕೆ ಬಂದರು. ಉಳಿದ ಎರಡು ಕಡೆ ದತ್ತು.

ಮೈಸೂರಿನಲ್ಲಿ ಬೆಳೆದವರಿಗೆಲ್ಲ ಇದಕ್ಕೊಂದು ಸಿದ್ಧ ಉತ್ತರ ಗೊತ್ತು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಕಾವೇರಿಗೆ ಹಾರುವ ಮುನ್ನ ಅಲಮೇಲಮ್ಮ ಅನ್ನುವ ರಾಣಿ ಒಡೆಯರಿಗೆ ಕೊಟ್ಟಳೆನ್ನುವ ಶಾಪ. ಅಜ್ಜಿ ಇದನ್ನು ಹೇಳುವಾಗ ನಾವು ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಈಗಲೂ ಆ ಕತೆ ನನಗೆ ಇಷ್ಟವೇ. ಆದರೆ ಜಯಚಾಮರಾಜೇಂದ್ರರ ಹೆಸರಿನ ಕೆಳಗೆ ಬರೆಯಲು ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವರಿಗೆ ಆರು ಮಕ್ಕಳು. ಗಾಯತ್ರೀ ದೇವಿ, ಮೀನಾಕ್ಷಿ ದೇವಿ, ಶ್ರೀಕಂಠದತ್ತ, ಕಾಮಾಕ್ಷಿ ದೇವಿ, ಇಂದ್ರಾಕ್ಷಿ ದೇವಿ, ವಿಶಾಲಾಕ್ಷಿ ದೇವಿ. ನನ್ನ ಕಚ್ಚಾ ನಕ್ಷೆಯಲ್ಲಿ ಅವರಲ್ಲಿ ಒಬ್ಬರದೇ ಹೆಸರಿತ್ತು. ಐದು ಹೆಣ್ಣುಮಕ್ಕಳನ್ನು ನಾನೇ ಬಿಟ್ಟಿದ್ದೆ.

ಕ್ಯಾಲೆಂಡರ್ ಹಾಳೆ ಹರಿದು ಹಾಕಿದೆ. ಹೊಸದಾಗಿ ಶುರು.

ಜೂನ್ 29

ಎರಡು ವಾರ ಬರೀ ಓದಿದೆ. ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ಸೀಟು ಸಿಕ್ಕರೆ ನೋಟ್‌ಬುಕ್ ತೆಗೆಯುತ್ತೇನೆ, ಇಲ್ಲದಿದ್ದರೆ ಸುಮ್ನೆ ಹೆಸರುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತೇನೆ.

ಮುಮ್ಮಡಿಯವರು 1865ರಲ್ಲಿ ದತ್ತು ತೆಗೆದುಕೊಂಡದ್ದು ಯಾರನ್ನು? ಮಗಳು ಪುಟ್ಟಮ್ಮಣ್ಣಿಯವರ ಮಗನನ್ನು. ಮಗುವಿಗೆ ಆಗ ಎರಡು ವರ್ಷ. ಅಪ್ಪನ ಕಡೆಯಿಂದ ಬೆಟ್ಟದಕೋಟೆ ಅರಸು ಮನೆತನ, ಅಮ್ಮನ ಕಡೆಯಿಂದ ಅರಮನೆಯದೇ ಕುಡಿ. ಬ್ರಿಟಿಷರು ಆ ದತ್ತನ್ನು ಒಪ್ಪಿಕೊಳ್ಳುವ ಹೊತ್ತಿಗೆ 1867 ಬಂದಿತ್ತು. ಮರುವರ್ಷವೇ ಮುಮ್ಮಡಿಯವರು ತೀರಿಕೊಂಡರು.

ಇನ್ನು ಯದುವೀರರು. ಜಯಚಾಮರಾಜೇಂದ್ರರ ಹಿರಿಯ ಮಗಳು ಗಾಯತ್ರೀ ದೇವಿ. (ಮಾಟುಂಗದ ಗೆಳತಿ ಈ ಹೆಸರು ಕೇಳಿ ಜೈಪುರದವರು ಅಂದುಕೊಂಡಳು. ಅವರು ಬೇರೆ.) ಗಾಯತ್ರೀ ದೇವಿಯವರ ಮಗಳು ತ್ರಿಪುರಸುಂದರಿ ದೇವಿ. ಅವರ ಮಗ ಯದುವೀರ, 1992ರಲ್ಲಿ ಹುಟ್ಟಿದವರು. ಅಂದರೆ ಜಯಚಾಮರಾಜೇಂದ್ರರಿಂದ ಯದುವೀರರವರೆಗಿನ ರಕ್ತದ ದಾರಿ ಇಬ್ಬರು ಹೆಣ್ಣುಮಕ್ಕಳ ಮೂಲಕ ಬಂದಿದೆ. ಗಾಯತ್ರೀ ದೇವಿ 1974ರಲ್ಲಿ ತೀರಿಕೊಂಡರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರ ತಂದೆಯೂ ಹೋದರು. ತನ್ನ ಮಗಳ ಮಗನೇ ಒಂದು ದಿನ ಆ ಸಿಂಹಾಸನ ಏರುತ್ತಾನೆ ಅಂತ ಗಾಯತ್ರೀ ದೇವಿಯವರಿಗೆ ಗೊತ್ತಾಗಲೇ ಇಲ್ಲ.

ಹಾಗಾಗಿ ಮೂರು ಬಣ್ಣದ ಗೆರೆ ಹಾಕುತ್ತೇನೆ. ಗಂಡುಮಕ್ಕಳ ಮೂಲಕ ಬಂದದ್ದಕ್ಕೆ ಕಪ್ಪು, ದತ್ತಿಗೆ ಕೆಂಪು, ಹೆಣ್ಣುಮಕ್ಕಳ ಮೂಲಕ ಬಂದದ್ದಕ್ಕೆ ಹಸಿರು. ಎರಡೂ ದತ್ತುಗಳ ಪಕ್ಕದಲ್ಲಿ ಹಸಿರು ಗೆರೆ ಜೊತೆಜೊತೆಗೇ ಇಳಿಯುತ್ತದೆ. ಸುಮ್ಮನೆ ಕೆಂಪು ಗೆರೆ ಎಳೆದು 'ದತ್ತು' ಅಂತ ಬರೆದರೆ ಹೊರಗಿನವರು ಯಾರೋ ಬಂದು ಕೂತರು ಅನ್ನುವ ಹಾಗೆ ಕಾಣುತ್ತದೆ. ಹಸಿರು ಗೆರೆ ಇದ್ದರೆ ಮನೆಯ ಮಗು ಮನೆಗೆ ಬಂತು ಅಂತ ತಿಳಿಯುತ್ತದೆ.

ಜುಲೈ 6

ಕ್ರಾಫರ್ಡ್ ಮಾರ್ಕೆಟ್ ಹತ್ತಿರ ದಪ್ಪ ಡ್ರಾಯಿಂಗ್ ಪೇಪರಿನ ಸುರುಳಿ ತಂದೆ. ಮಳೆಯಲ್ಲಿ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು ಮನೆಗೆ ತಂದದ್ದಾಯಿತು. ಇವತ್ತು ಪೆನ್ಸಿಲ್ ಗೆರೆ ಮಾತ್ರ.

ಜುಲೈ 13

ಬೇಜಾರಿನ ದಿನ. ಮುಮ್ಮಡಿಯವರ ಹೆಸರು ಚೆನ್ನಾಗಿ ಬಂತು. 'ಪುಟ್ಟಮ್ಮಣ್ಣಿ' ಬರೆಯಲು ಕೂತೆ. ಮೂರು ಒತ್ತಕ್ಷರ, ನಿಧಾನವಾಗಿ ನಿಬ್ ತಿರುಗಿಸುತ್ತಿದ್ದೆ. 'ಣ್ಣಿ' ಮುಗಿಸಿ ಪೆನ್ನು ಎತ್ತುವಷ್ಟರಲ್ಲಿ 'ಟ್ಟ' ಒಡೆಯಲು ಶುರುವಾಯಿತು. ಅಕ್ಷರದ ಅಂಚಿನಿಂದ ಸಣ್ಣ ಸಣ್ಣ ಬೇರುಗಳ ಹಾಗೆ ಶಾಯಿ ಹರಿಯಿತು. ಎರಡು ನಿಮಿಷದಲ್ಲಿ ಹೆಸರು ಹೋಗಿ ಒಂದು ಕಪ್ಪು ಜೇಡ ಕೂತಿತ್ತು. ಬೆರಳಿನಿಂದ ಮುಟ್ಟಿ ನೋಡಿದರೆ ಇಡೀ ಹಾಳೆ ತಣ್ಣಗೆ, ಮೆತ್ತಗೆ. ವಾರವಿಡೀ ಮುಂಬೈ ಮಳೆಯ ತೇವ ಕುಡಿದಿತ್ತು.

ಇಸ್ತ್ರಿ ಮಾಡಿ ನೋಡಿದೆ, ಸುಕ್ಕು ಜಾಸ್ತಿಯಾಯಿತು. ಈ ಪೇಪರ್ ಬಿಡಬೇಕು. ಆರ್ಕಿಟೆಕ್ಟ್‌ಗಳು ಬಳಸುವ ಮಸುಕು ಬಿಳಿ ಫಿಲ್ಮ್ ತರುತ್ತೇನೆ. ಅದು ನೀರು ಕುಡಿಯುವುದಿಲ್ಲ. ತಪ್ಪಾದರೆ ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಮತ್ತೆ ಬರೆಯಬಹುದು.

ಜುಲೈ 27

ಫಿಲ್ಮ್ ಬಂದಿದೆ, ಬಹಳ ಚೆನ್ನಾಗಿದೆ. ಆದರೆ ಇನ್ನೊಂದು ತೊಡಕು. ಮರದ ಕೊಂಬೆಗಳು ಒಂದನ್ನೊಂದು ಕೂಡಿಕೊಳ್ಳುತ್ತಿವೆ.

ಚಾಮರಾಜೇಂದ್ರರ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಅವರ ಸೋದರನ ಹೆಸರು ಕಾಂತರಾಜ ಅರಸು. ಇತ್ತ ಅವರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಗಂಡನ ಹೆಸರೂ ಕಾಂತರಾಜ ಅರಸು. ನಾನು ಇಬ್ಬರು ಬೇರೆ ಬೇರೆ ಜನ ಅಂದುಕೊಂಡು ಎರಡು ಕಡೆ ಬರೆದಿದ್ದೆ. ಇಬ್ಬರೂ ಒಬ್ಬರೇ! ಸೋದರಮಾವನ ಜೊತೆ ಮದುವೆ. ನಮ್ಮ ಕಡೆ ಹೊಸದೇನಲ್ಲ, ನಮ್ಮ ಮನೆಯಲ್ಲೇ ದೊಡ್ಡಮ್ಮನಿಗೆ ಹಾಗೇ ಆಗಿತ್ತು. 1919ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದವರೂ ಇವರೇ. ಒಬ್ಬ ಮನುಷ್ಯ ಒಂದೇ ಮರದಲ್ಲಿ ಒಂದು ಕಡೆ ಭಾವಮೈದುನ, ಇನ್ನೊಂದು ಕಡೆ ಅಳಿಯ. ಗೆರೆ ಎಳೆದರೆ ಕೊಂಬೆ ಬಳೆಯಾಗುತ್ತದೆ.

ಆ ಪೀಳಿಗೆಯ ಮೂವರು ರಾಜಕುಮಾರಿಯರ ಹೆಸರು ಮೈಸೂರಿನವರ ಬಾಯಲ್ಲಿ ದಿನವೂ ಓಡಾಡುತ್ತದೆ. ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆ ಹಿರಿಯವರದು. ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಬಂಗಲೆ ಚೆಲುವಾಜಮ್ಮಣ್ಣಿಯವರದು. ಪಿ.ಕೆ. ಸ್ಯಾನಟೋರಿಯಂ ಅಂತ ನಾವು ಬಸ್ಸಿನಲ್ಲಿ ಟಿಕೆಟ್ ಕೇಳುತ್ತಿದ್ದೆವಲ್ಲ, ಆ ಪಿ.ಕೆ. ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಕ್ಷಯಕ್ಕೆ ಬಲಿಯಾದವರು ಅವರು, ಅದಕ್ಕೇ ಕ್ಷಯದ ಆಸ್ಪತ್ರೆಗೆ ಅವರ ಹೆಸರು. ಇಷ್ಟು ವರ್ಷ ಎರಡು ಅಕ್ಷರ ಅಂತಲೇ ತಿಳಿದಿದ್ದೆ. ಅವರ ಹೆಸರನ್ನು ಫಿಲ್ಮಿನ ಮೇಲೆ ಪೂರ್ತಿಯಾಗಿ ಬರೆದೆ.

ಆಗಸ್ಟ್ 10

ರಾತ್ರಿ ಮೈಸೂರಿನ ಅಕ್ಕನಿಗೆ ಫೋನ್ ಮಾಡಿ ಬಳೆಯಾದ ಕೊಂಬೆಯ ಗೋಳು ಹೇಳಿಕೊಂಡೆ. 'ಜಗನ್ಮೋಹನ ಅರಮನೆಯ ಗೋಡೆ ಮೇಲೆ ವಂಶವೃಕ್ಷ ನೋಡಿದ್ದೆವಲ್ಲ, ನೆನಪಿದೆಯಾ?' ಅಂದಳು. ನೆನಪಿತ್ತು, ಅಪ್ಪ ಹೆಗಲ ಮೇಲೆ ಎತ್ತಿ ತೋರಿಸಿದ್ದರು. 'ಮುಮ್ಮಡಿಯವರು ಸಂತಾನಾಂಬುಜ ಅಂತಲೂ ಒಂದು ಮಾಡಿಸಿದ್ದರು. ಮರ ಅಲ್ಲ, ತಾವರೆ' ಅಂದಳು.

ತಾವರೆ! ನಡುವೆ ದೊರೆ, ಸುತ್ತಲೂ ದಳದ ಹಾಗೆ ಸಂಸಾರ. ರಾತ್ರಿ ಹನ್ನೊಂದಕ್ಕೆ ಎದ್ದು ಊಟದ ತಟ್ಟೆ ಬೋರಲು ಹಾಕಿ ವೃತ್ತ ಎಳೆದೆ. ಆರು ದೊರೆಗಳಿಗೆ ಆರು ತಾವರೆ. ಪ್ರತಿ ತಾವರೆಗೂ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಒಂದೇ ಅಳತೆಯ ದಳ. ಒಂದು ಹೂವಿನ ದಳದಿಂದ ಮುಂದಿನ ಹೂವಿನ ನಡುವಿಗೆ ದಂಟು. ಆ ದಂಟು ಮಗಳ ದಳದಿಂದ ಹೊರಟರೆ ಹಸಿರು. ಕಾಂತರಾಜ ಅರಸರ ದಳ ಎರಡು ಹೂವುಗಳ ನಡುವೆ ಚಾಚಿಕೊಂಡರೆ ಸಾಕು, ಗೋಜಲೇ ಇಲ್ಲ.

ಆಗಸ್ಟ್ 19

ಲೋಕಲ್ ನಿಂತಿದೆ, ಆಫೀಸಿಲ್ಲ. ಹೊರಗೆ ಮಳೆ ಒಂದೇ ಸಮ. ಇಡೀ ದಿನ ನಾಲ್ವಡಿಯವರ ಹೂವು ಬರೆದೆ. ಮಹಾರಾಣಿ ಕಾಠಿಯಾವಾಡದ ವಾಣಾದಿಂದ ಬಂದ ಪ್ರತಾಪಕುಮಾರಿ. ಮಕ್ಕಳ ದಳ ಇಲ್ಲ. ಪಕ್ಕದಲ್ಲಿ ತಮ್ಮ, ಯುವರಾಜ ಕಂಠೀರವ ನರಸಿಂಹರಾಜರು. ಅವರು 1940ರ ಮಾರ್ಚ್‌ನಲ್ಲಿ ಕಣ್ಣು ಮುಚ್ಚಿದ್ದು ಇದೇ ಬೊಂಬಾಯಿಯಲ್ಲಿ. ಆಗಸ್ಟ್ 3ಕ್ಕೆ ಅಣ್ಣ ಹೋದರು. ಐದು ತಿಂಗಳೊಳಗೆ ಅಪ್ಪನನ್ನೂ ದೊಡ್ಡಪ್ಪನನ್ನೂ ಕಳೆದುಕೊಂಡು ಜಯಚಾಮರಾಜೇಂದ್ರರು 21ನೇ ವಯಸ್ಸಿಗೆ ಪಟ್ಟಕ್ಕೆ ಬಂದರು. ಆ ದಳದ ತುದಿಗೆ 'ಬೊಂಬಾಯಿ' ಅಂತ ಸಣ್ಣದಾಗಿ ಬರೆದೆ. ನಮ್ಮ ಊರು ಈ ಚಿತ್ರದಲ್ಲಿ ಇರುವುದು ಅಲ್ಲೊಂದೇ ಕಡೆ.

ಸೆಪ್ಟೆಂಬರ್ 7

ಹೂವುಗಳ ನಡುವಿನ ಜಾಗದಲ್ಲಿ ಏನಿರಬೇಕು ಅಂತ ಬಹಳ ಯೋಚಿಸಿದೆ. ಒಬ್ಬ ದೊರೆ ಹೋಗಿ ಇನ್ನೊಬ್ಬ ಕೂರುವವರೆಗೆ, ಅಥವಾ ಕೂತ ಹುಡುಗ ದೊಡ್ಡವನಾಗುವವರೆಗೆ ಮನೆತನ ಯಾರ ಕೈಯಲ್ಲಿತ್ತು? ಮೂರು ಸಲವಂತೂ ಹೆಂಗಸರ ಕೈಯಲ್ಲಿ.

ಮೊದಲನೆಯವರು ಲಕ್ಷ್ಮಮ್ಮಣ್ಣಿ. ಗಂಡ ಇಮ್ಮಡಿ ಕೃಷ್ಣರಾಜರು 1766ರಲ್ಲಿ ಹೋದರು. ಅಲ್ಲಿಂದ ಮೂವತ್ತಮೂರು ವರ್ಷ, ಹೈದರ್ ಕಾಲ ಕಳೆದು ಟಿಪ್ಪು ಕಾಲ ಮುಗಿಯುವವರೆಗೆ, ಮನೆತನದ ಹಕ್ಕನ್ನು ಬಿಡಲಿಲ್ಲ. ಕೊನೆಗೆ ಮೊಮ್ಮಗನ ವರಸೆಯ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು. ಎರಡನೆಯವರು ವಾಣಿವಿಲಾಸ ಸನ್ನಿಧಾನ. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗಂಡ ಗಂಟಲಮಾರಿಯಿಂದ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. 1902ರವರೆಗೆ ಅವರೇ ರಾಜ್ಯ ನಡೆಸಿದರು. ಮಾರಿಕಣಿವೆಯ ಅಣೆಕಟ್ಟಿಗೆ ಅವರದೇ ಹೆಸರು. ಮೂರನೆಯವರು ನಮ್ಮ ಕಣ್ಣೆದುರಿನ ಪ್ರಮೋದಾ ದೇವಿ. 2013ರ ಡಿಸೆಂಬರ್ 10ಕ್ಕೆ ಶ್ರೀಕಂಠದತ್ತರು ಹೋದರು, ಮಕ್ಕಳಿರಲಿಲ್ಲ. ಮುಂದಿನ ದಸರೆಯ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿ ಇಟ್ಟಿದ್ದರು. ಅದನ್ನು ನಾನು ಇಲ್ಲಿ ಟಿವಿಯಲ್ಲಿ ನೋಡಿ ಕಣ್ಣೀರು ಹಾಕಿದ್ದೆ. 2015ರ ಫೆಬ್ರವರಿಯಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡರು, ಮೇ 28ಕ್ಕೆ ಪಟ್ಟ.

ಈ ಮೂವರಿಗೆ ಹೂವಿನ ದಳ ಸಾಲದು. ದಂಟಿನ ಮೇಲೆ ಒಂದೊಂದು ದೀಪ ಬರೆದು ಅದರ ಕೆಳಗೆ ಹೆಸರು ಹಾಕಿದ್ದೇನೆ. ಎಣ್ಣೆ ಬತ್ತಿ ಇಲ್ಲದ ದೀಪದ ಹಾಗೆ ಕಾಣಬಾರದು ಅಂತ ಜ್ವಾಲೆಗೆ ಮಾತ್ರ ಕೇಸರಿ.

ಸೆಪ್ಟೆಂಬರ್ 14

ಕೊನೆಯ ಹೂವು ಮುಗಿಯಿತು. 2016ರಲ್ಲಿ ಡುಂಗರಪುರದಿಂದ ಬಂದ ತ್ರಿಷಿಕಾ ಕುಮಾರಿ, 2017ರಲ್ಲಿ ಹುಟ್ಟಿದ ಆದ್ಯವೀರ ನರಸಿಂಹರಾಜ, 2024ರ ಅಕ್ಟೋಬರ್‌ನಲ್ಲಿ ಹುಟ್ಟಿದ ಯುಗಾಧ್ಯಕ್ಷ ಕೃಷ್ಣರಾಜ. ಇಬ್ಬರಿಗೂ ಹಿರಿಯರ ಹೆಸರು ಬಂದಿದೆ. ಜಯಚಾಮರಾಜೇಂದ್ರರ ಮಹಾರಾಣಿಯ ಹೆಸರು ತ್ರಿಪುರಸುಂದರಿ, ಯದುವೀರರ ಹೆತ್ತ ತಾಯಿಯ ಹೆಸರೂ ಅದೇ. ಅಜ್ಜಿಯ ಹೆಸರು ಮೊಮ್ಮಗಳಿಗೆ. ಎರಡೂ ದಳಗಳ ಅಂಚಿಗೆ ಒಂದೇ ಬಣ್ಣ ಕೊಟ್ಟೆ.

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ

ಸಂಜೆ ಮೆಟ್ಟಿಲು ಜೋಡಿಸಿದೆವು. ಫಿಲ್ಮನ್ನು ಗೋಡೆಗೆ ಹಚ್ಚುವಾಗ ಪಕ್ಕದ ಮನೆಯ ಹುಡುಗಿಯೇ ಟೇಪ್ ಕತ್ತರಿಸಿ ಕೊಟ್ಟಳು. ಕನ್ನಡ ಓದಲು ಬಾರದು, ಆದರೆ ಬಣ್ಣ ಗೊತ್ತಾಗುತ್ತದಲ್ಲ. ಹಸಿರು ದಂಟಿನ ಮೇಲೆ ಬೆರಳಿಟ್ಟು ಕೊನೆಯ ಹೂವಿನಿಂದ ಹಿಂದಕ್ಕೆ ಹೋದಳು. ಒಂದು ದಳ, ಇನ್ನೊಂದು ದಳ. ಅಲ್ಲಿ ನಿಂತು, 'ಹೀ ಕೋಣ?' ಅಂದಳು. ಇವಳು ಯಾರು ಅಂತ. ಗಾಯತ್ರೀ ದೇವಿ ಅಂದೆ. ಎರಡು ಸಲ ಹೇಳಿಸಿಕೊಂಡು ತನ್ನ ಬಾಯಲ್ಲಿ ಹೇಳಿ ನೋಡಿದಳು.

ಗೊಂಬೆಗಳಿಗೆ ಕೊಬ್ಬರಿ ಎಣ್ಣೆ ಒರೆಸಿ ಇಟ್ಟಿದ್ದೇನೆ. ರಾಣಿಯ ಸೀರೆಗೆ ನೆರಿಗೆ ಹಿಡಿಯುವುದು ಬಾಕಿ. ನಾಳೆ ಬೆಳಿಗ್ಗೆ ಎದ್ದು ಮಾಡಬೇಕು.