ನನ್ನ ಓಟು ವಿವ್‌ಗೆ
ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಾಫಿ ಜೊತೆ ಮತ್ತೆ ಅದೇ ಜಗಳ: ಏಕದಿನ ಕ್ರಿಕೆಟ್‌ನ ಅತಿ ದೊಡ್ಡ ಬ್ಯಾಟರ್ ಯಾರು, ಸಚಿನ್ನಾ, ಕೊಹ್ಲಿನಾ? 2023ರಲ್ಲಿ ಇಲ್ಲೇ ವಾಂಖೆಡೆಯಲ್ಲಿ, ಸಚಿನ್ ಕಣ್ಣೆದುರೇ ಕೊಹ್ಲಿ 50ನೇ ಏಕದಿನ ಶತಕ ಹೊಡೆದ ಮೇಲಂತೂ ಇದು ಮುಗಿಯುವುದೇ ಇಲ್ಲ.

ನನ್ನ ಓಟು ಮಾತ್ರ ವೆಸ್ಟ್ ಇಂಡೀಸ್‌ನ ವಿವ್ ರಿಚರ್ಡ್ಸ್‌ಗೆ. 1984ರಲ್ಲಿ ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್ ಮೈದಾನದ ಏಕದಿನ ಪಂದ್ಯ ನೆನಪಿಸಿಕೊಳ್ಳಿ. ತಂಡದ 272ರಲ್ಲಿ 189 ಅವನೊಬ್ಬನದೇ, ಅದೂ ಔಟಾಗದೆ. ಕೊನೆಯ ವಿಕೆಟ್‌ಗೆ ಬೌಲರ್ ಹೋಲ್ಡಿಂಗ್ ಜೊತೆ 106 ರನ್ ಬಂತು. ಅದರಲ್ಲಿ ಹೋಲ್ಡಿಂಗ್‌ದು ಬರೀ 12! ತಲೆಗೆ ಹೆಲ್ಮೆಟ್ ಇಲ್ಲ, ಬಾಯಲ್ಲಿ ಚ್ಯೂಯಿಂಗ್ ಗಮ್. ಪವರ್‌ಪ್ಲೇ (ದೂರದಲ್ಲಿ ಕಡಿಮೆ ಫೀಲ್ಡರ್‌ಗಳಿರುವ ಓವರ್‌ಗಳು) ಅನ್ನುವ ಹೆಸರೇ ಇಲ್ಲದ ಕಾಲದಲ್ಲಿ ಏಕದಿನದಲ್ಲಿ 47ರ ಸರಾಸರಿ, 90ರ ಸ್ಟ್ರೈಕ್ ರೇಟ್ (ನೂರು ಎಸೆತಕ್ಕೆ 90 ರನ್) ಅಂದರೆ ಸುಮ್ನೆ ಅಲ್ಲ.

1998ರಲ್ಲಿ ಶಾರ್ಜಾದಲ್ಲಿ ಸಚಿನ್ ಆಟ ನೋಡಿದವರ ಮುಂದೆ, ಅದೂ ಮುಂಬೈಯಲ್ಲಿ ಕೂತು, ಸಚಿನ್‌ಗೆ ಎರಡನೇ ಸ್ಥಾನ ಕೊಡೋದಕ್ಕೆ ಸ್ವಲ್ಪ ಧೈರ್ಯ ಬೇಕು, ಅಲ್ವಾ? ಬೈಯುವವರು ಬೈಯಿರಿ.